ಯುದ್ಧವಿರೋಧಿ ಬರಹಗಳ ಸಂರಕ್ಷಣೆ: ಪ್ರಭುತ್ವದ ಪತ್ರಾಗಾರ ಮತ್ತು ಖಾಸಗಿ ಪೆಟ್ಟಿಗೆ

೧

ಯುದ್ಧವನ್ನು ಕುರಿತ ದಾಖಲೆಗಳಿಗೆ ಯಾವ ನಾಡಿನಲ್ಲಿಯೂ ಕೊರತೆಯಿಲ್ಲ. ಗೆದ್ದ ಅರಸನ ಪ್ರಶಸ್ತಿ, ಮಡಿದ ವೀರನ ಕಲ್ಲು, ಸೇನೆಯ ಲೆಕ್ಕಪತ್ರ, ದಳಪತಿಯ ಆತ್ಮಕಥೆ ಇವೆಲ್ಲವನ್ನೂ ಉಳಿಸಿಕೊಳ್ಳುವ ವ್ಯವಸ್ಥೆಯನ್ನು ಸಮಾಜಗಳು ಬಹು ಹಿಂದೆಯೇ ರೂಪಿಸಿಕೊಂಡಿವೆ. ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನು ರವಿಕೀರ್ತಿಯ ಕಾವ್ಯಶಕ್ತಿಯಲ್ಲಿ ಹಿಡಿದಿಟ್ಟ ಐಹೊಳೆಯ ಶಾಸನ ಕ್ರಿ.ಶ. ೬೩೪ರಿಂದ ಇಂದಿನವರೆಗೆ ನಿಂತಿದೆ. ಊರೂರಿನ ವೀರಗಲ್ಲುಗಳು ಕಾದಾಟವನ್ನು ಸ್ವರ್ಗದ ದಾರಿಯಾಗಿ ಚಿತ್ರಿಸಿವೆ. ಆದರೆ ಯುದ್ಧ ಬೇಡವೆಂದವರ ಮಾತು ಎಲ್ಲಿ ಉಳಿದಿದೆ, ಅದನ್ನು ಯಾರು ಉಳಿಸಿದರು ಎಂಬ ಪ್ರಶ್ನೆ ಸಾಹಿತ್ಯಚರಿತ್ರೆಯಲ್ಲಿ ಅಪರೂಪವಾಗಿ ಮಾತ್ರ ಏಳುತ್ತದೆ. ಪಠ್ಯವೊಂದರ ಮೌಲ್ಯವನ್ನು ಚರ್ಚಿಸುವಷ್ಟು ಆಸಕ್ತಿಯಿಂದ ಆ ಪಠ್ಯ ಕೈಗೆ ಬಂದ ದಾರಿಯನ್ನು ಸಂಶೋಧನೆ ಚರ್ಚಿಸುವುದಿಲ್ಲ.

ಪ್ರಭುತ್ವವು ಸ್ವತಃ ಯುದ್ಧದ ವಿರುದ್ಧ ಮಾತನಾಡಿದ ಪ್ರಸಂಗಗಳಿಲ್ಲವೆಂದಲ್ಲ. ಅಶೋಕನ ಹದಿಮೂರನೆಯ ಬಂಡೆಗಲ್ಲು ಶಾಸನ ಅಂಥ ಒಂದು ಅಪೂರ್ವ ದಾಖಲೆ. ಕಳಿಂಗದಲ್ಲಿ ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ಯಲಾಯಿತು, ಅದರ ಎಷ್ಟೋ ಪಟ್ಟು ಜನ ಸತ್ತರು ಎಂದು ಗೆದ್ದವನೇ ಒಪ್ಪಿಕೊಂಡು ಮರುಗುವ ಪಠ್ಯವದು. ಶಾಹಬಾಜ್‌ಗಢಿ, ಮಾನ್‌ಸೆಹ್ರಾ, ಕಾಲ್ಸಿ, ಗಿರ್ನಾರ್, ಎರ್ರಗುಡಿಗಳಲ್ಲಿ ಅದು ಕಾಣುತ್ತದೆ. ಆದರೆ ಕಳಿಂಗಕ್ಕೇ ಸೇರಿದ ಧೌಲಿ ಮತ್ತು ಜೌಗಡಗಳಲ್ಲಿ ಅದನ್ನು ಕೊರೆಯಿಸಿಲ್ಲ. ಅಲ್ಲಿ ಬೇರೆ ಎರಡು ಪ್ರತ್ಯೇಕ ಶಾಸನಗಳಿವೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತ ಶಿಲಾಫಲಕದಲ್ಲಿಯೂ ಹನ್ನೆರಡನೆಯ ಶಾಸನದ ಬಳಿಕ ಬರುವುದು ಹದಿನಾಲ್ಕನೆಯದು. ಜತೆಗಿರುವವು ಅವೇ ಎರಡು ಪ್ರತ್ಯೇಕ ಶಾಸನಗಳು. ಪಶ್ಚಾತ್ತಾಪವನ್ನು ಬರೆಯಿಸಿದ ಅಧಿಕಾರವೇ ಅದನ್ನು ಯಾರ ಮುಂದೆ ಇಡಬೇಕು, ಯಾರ ಮುಂದೆ ಇಡಬಾರದು ಎಂಬುದನ್ನೂ ನಿರ್ಧರಿಸಿತೆಂದು ಭಾವಿಸಲು ಇಲ್ಲಿ ಆಸ್ಪದವಿದೆ. ನೋವುಂಡವರ ನಾಡಿನಲ್ಲಿಯೇ ನೋವಿನ ಒಪ್ಪಿಗೆ ಇಲ್ಲ.

ಆಧುನಿಕ ಕಾಲದಲ್ಲಿ ಈ ಅಸಮತೋಲನ ಇನ್ನಷ್ಟು ಸ್ಪಷ್ಟವಾಗುತ್ತದೆ. ಬ್ರಿಟನ್ನಿನ ಯುದ್ಧ ಸಚಿವಸಂಪುಟವು ೧೯೧೭ರಲ್ಲಿಯೇ, ಅಂದರೆ ಮೊದಲನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ಆ ಯುದ್ಧಕ್ಕೊಂದು ರಾಷ್ಟ್ರೀಯ ವಸ್ತುಸಂಗ್ರಹಾಲಯ ಬೇಕೆಂದು ಒಪ್ಪಿತು. ಅದು ೧೯೨೦ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಬಾಗಿಲು ತೆರೆಯಿತು. ಅದೇ ಸಂಸ್ಥೆಯು ಆ ಯುದ್ಧವನ್ನು ಆತ್ಮಸಾಕ್ಷಿಯ ಕಾರಣಕ್ಕೆ ನಿರಾಕರಿಸಿದವರ ಮಾತುಗಳನ್ನು ವ್ಯವಸ್ಥಿತವಾಗಿ ಧ್ವನಿಮುದ್ರಿಸಿಕೊಂಡದ್ದು ೧೯೭೦ರ ದಶಕದಲ್ಲಿ. ಬಂದೂಕಿಗೆ ದೊರೆತ ಜಾಗ ಬಂದೂಕು ಹಿಡಿಯಲೊಲ್ಲದವನ ಮಾತಿಗೆ ದೊರೆಯಲು ಅರ್ಧ ಶತಮಾನ ಬೇಕಾಯಿತು. ಈ ನಡುವಣ ಅರ್ಧ ಶತಮಾನದಲ್ಲಿ ಯುದ್ಧವಿರೋಧಿ ಬರಹವನ್ನು ಕಾಯ್ದವರು ಬಿಡಿ ವ್ಯಕ್ತಿಗಳು: ಅವರ ಕಪಾಟು, ಅವರ ಪೆಟ್ಟಿಗೆ, ಅವರ ಗೀಳು. ಖಾಸಗಿ ಸಂಗ್ರಹವನ್ನು ಹವ್ಯಾಸವೆಂದು ಬದಿಗೆ ಸರಿಸುವ ವಿದ್ವತ್ತು ತನ್ನ ಆಕರದ ಬುಡವನ್ನೇ ಮರೆಯುತ್ತದೆ.

೨

ಎರ್ನ್‌ಸ್ಟ್ ಫ್ರೀಡ್ರಿಖ್‌ನ ಉದಾಹರಣೆಯನ್ನು ಮೊದಲು ಪರಿಶೀಲಿಸಬಹುದು. ೧೮೯೪ರಲ್ಲಿ ಬ್ರೆಸ್ಲಾವ್‌ನಲ್ಲಿ ಹುಟ್ಟಿದ ಈತ ರಂಗನಟ, ಅರಾಜಕತಾವಾದಿ, ಮೊದಲನೆಯ ಮಹಾಯುದ್ಧದಲ್ಲಿ ಸೈನಿಕಸೇವೆಯನ್ನು ನಿರಾಕರಿಸಿ ಸೆರೆ ಕಂಡವನು. ೧೯೨೪ರಲ್ಲಿ ಈತ ‘ಯುದ್ಧದ ಮೇಲೆ ಯುದ್ಧ’ ಎಂಬ ಅರ್ಥದ ಹೆಸರಿನ ಚಿತ್ರಸಂಪುಟವನ್ನು ಹೊರತಂದನು. ಜರ್ಮನಿಯ ಸೈನಿಕ ಹಾಗೂ ವೈದ್ಯಕೀಯ ಸಂಗ್ರಹಗಳಿಂದ ಹೊರಬಂದ ನೂರೆಂಬತ್ತಕ್ಕೂ ಹೆಚ್ಚು ಛಾಯಾಚಿತ್ರಗಳು ಅದರಲ್ಲಿದ್ದವು. ಚಿತ್ರಗಳ ಕೆಳಗಿನ ಟಿಪ್ಪಣಿಗಳು ನಾಲ್ಕು ಭಾಷೆಗಳಲ್ಲಿದ್ದವು. ಯುದ್ಧದ ಕಾಲದಲ್ಲಿ ಇವುಗಳಲ್ಲಿ ಹಲವನ್ನು ಪ್ರಕಟಿಸಲು ಸರ್ಕಾರ ಬಿಟ್ಟಿರಲಿಲ್ಲ. ಸುಸಾನ್ ಸೊಂಟಾಗ್ ೨೦೦೩ರ ತಮ್ಮ ಕೃತಿಯಲ್ಲಿ ಈ ಸಂಪುಟವನ್ನು ವಿಸ್ತಾರವಾಗಿ ಚರ್ಚಿಸಿದ ಮೇಲೆ ಅದು ಮತ್ತೆ ವಿದ್ವಾಂಸರ ಗಮನಕ್ಕೆ ಬಂದಿತು. ಇಲ್ಲಿ ಗಮನಿಸಬೇಕಾದುದು ಆಕರದ ಸ್ವರೂಪ. ಮುಖ ಒಡೆದುಹೋದ ಸೈನಿಕನ ಚಿತ್ರವನ್ನು ತೆಗೆಸಿದ್ದು ಆಸ್ಪತ್ರೆ. ಅಲ್ಲಿ ಅದು ಶಸ್ತ್ರಚಿಕಿತ್ಸೆಯ ದಾಖಲೆ. ಫ್ರೀಡ್ರಿಖ್‌ನ ಸಂಪುಟದಲ್ಲಿ ಅದೇ ಚಿತ್ರ ಆಪಾದನೆಯಾಯಿತು. ದಾಖಲೆಯ ಅರ್ಥ ಅದು ಇರುವ ಜಾಗದಿಂದ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ವಿರಳ.

ಫ್ರೀಡ್ರಿಖ್ ೧೯೨೫ರಲ್ಲಿ ಬರ್ಲಿನ್ನಿನ ಪಾರೋಖಿಯಲ್ ಬೀದಿಯ ಮನೆಯೊಂದರಲ್ಲಿ ಯುದ್ಧವಿರೋಧಿ ವಸ್ತುಸಂಗ್ರಹಾಲಯವನ್ನು ತೆರೆದನು. ೧೯೩೩ರಲ್ಲಿ ನಾಜಿ ಅರೆಸೈನಿಕ ಪಡೆ ಅದನ್ನು ವಶಪಡಿಸಿಕೊಂಡು ಹಾಳುಗೆಡವಿತು. ದೇಶಭ್ರಷ್ಟನಾದ ಆತ ೧೯೩೬ರಲ್ಲಿ ಬ್ರಸಲ್ಸ್‌ನಲ್ಲಿ ಮತ್ತೊಂದನ್ನು ಕಟ್ಟಿದನು. ೧೯೪೦ರ ಜರ್ಮನ್ ದಾಳಿಯಲ್ಲಿ ಅದೂ ನಾಶವಾಯಿತು. ೧೯೬೭ರಲ್ಲಿ ಆತ ತೀರಿಕೊಂಡ ಹದಿನೈದು ವರ್ಷಗಳ ಬಳಿಕ, ೧೯೮೨ರಲ್ಲಿ, ಮೊಮ್ಮಗ ಬರ್ಲಿನ್ನಿನಲ್ಲಿ ಆ ಸಂಗ್ರಹಾಲಯಕ್ಕೆ ಮರುಹುಟ್ಟು ಕೊಟ್ಟನು. ಎರಡು ಸಲ ನಾಶವಾದ ಸಂಸ್ಥೆ ಮೂರನೆಯ ಸಲ ಏಳಲು ಸಾಧ್ಯವಾದುದು ಯಾವ ಸರ್ಕಾರದ ಅನುದಾನದ ಬಲದಿಂದಲೂ ಅಲ್ಲ, ಒಂದು ಮನೆತನದ ಹಟದಿಂದ. ಅದೇ ಹೊತ್ತಿಗೆ, ಸಂಗ್ರಹ ಒಬ್ಬನದಾಗಿದ್ದರೆ ಅದನ್ನು ಅಳಿಸುವುದು ಎಷ್ಟು ಸುಲಭವೆಂಬುದನ್ನೂ ಈ ಚರಿತ್ರೆ ತೋರಿಸುತ್ತದೆ.

ವಿಯೆನ್ನಾದ ಕಾರ್ಲ್ ಕ್ರೌಸ್‌ನದು ಬೇರೆ ಬಗೆಯ ಸಂಗ್ರಹ. ೧೮೯೯ರಲ್ಲಿ ಆರಂಭಿಸಿದ ‘ಡೀ ಫಾಕೆಲ್’ ಪತ್ರಿಕೆಯನ್ನು ಈತ ೧೯೩೬ರವರೆಗೆ, ಸಾಯುವ ವರ್ಷದವರೆಗೆ, ನಡೆಸಿದನು. ೧೯೧೧ರ ಕೊನೆಯಿಂದ ಅದರ ಬರಹವೆಲ್ಲ ಆತನೊಬ್ಬನದೇ. ಮಹಾಯುದ್ಧದ ಕಾಲದಲ್ಲಿ ಕ್ರೌಸ್ ಮಾಡಿದ ಮುಖ್ಯ ಕೆಲಸ ದಿನಪತ್ರಿಕೆಗಳ ವಾಕ್ಯಗಳನ್ನು ಆಯ್ದು, ಕತ್ತರಿಸಿ, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಮರುಮುದ್ರಿಸುವುದು. ಸಾವಿನ ಸುದ್ದಿಯ ಪಕ್ಕದಲ್ಲಿ ಜಾಹೀರಾತು, ದೇಶಪ್ರೇಮದ ಪದ್ಯದ ಪಕ್ಕದಲ್ಲಿ ಗುತ್ತಿಗೆದಾರನ ಲಾಭ. ಹೀಗೆ ಕೂಡಿಟ್ಟ ಸಾಮಗ್ರಿಯಿಂದಲೇ ‘ಮನುಕುಲದ ಕೊನೆಯ ದಿನಗಳು’ ಎಂಬರ್ಥದ ಮಹಾನಾಟಕ ರೂಪುಗೊಂಡಿತು. ಅದು ೧೯೨೨ರಲ್ಲಿ ಪುಸ್ತಕವಾಯಿತು. ನಂಬಲಸಾಧ್ಯವೆನಿಸುವ ಸಂಭಾಷಣೆಗಳು ನಿಜವಾಗಿ ಯಾರೋ ಆಡಿದವೇ ಎಂದು ಮುನ್ನುಡಿಯಲ್ಲಿ ಕ್ರೌಸ್ ಹೇಳಿಕೊಂಡಿದ್ದಾನೆ. ಯುದ್ಧವು ಬಾಂಬಿನಿಂದ ಆರಂಭವಾಗುವುದಕ್ಕೆ ಮುನ್ನ ಸವೆದ ಭಾಷೆಯಿಂದ ಆರಂಭವಾಗುತ್ತದೆ ಎಂಬ ಆತನ ನಿಲುವಿಗೆ ಈ ಸಂಗ್ರಹವೇ ಪ್ರಮಾಣ. ಭಾಷೆಯನ್ನೇ ಅಧ್ಯಯನದ ವಸ್ತುವಾಗಿಸಿಕೊಂಡ ವಿಭಾಗಗಳು ಈ ಮಾತಿನ ಎದುರು ಸ್ವಲ್ಪ ಹೊತ್ತು ನಿಲ್ಲಬೇಕು.

ಇದೇ ಕ್ರೌಸ್‌ನಿಗೆ ಓಫೆನ್‌ಬಾಖ್‌ನ ಲಘು ಸಂಗೀತನಾಟಕಗಳೆಂದರೆ ಪ್ರಾಣ. ನೆಸ್ಟ್ರಾಯ್‌ನ ಪ್ರಹಸನಗಳು, ಷೇಕ್ಸ್‌ಪಿಯರ್‌ನ ನಾಟಕಗಳು ಆತನ ಏಳುನೂರು ಸಾರ್ವಜನಿಕ ವಾಚನಗಳಲ್ಲಿ ಮತ್ತೆ ಮತ್ತೆ ಬಂದವು. ಯುದ್ಧದ ಪತ್ರಿಕಾ ತುಣುಕುಗಳನ್ನು ಮುದ್ರಿಸಿದ ಪತ್ರಿಕೆಯಲ್ಲಿಯೇ ಈ ಅಕ್ಕರೆಯ ಬರಹಗಳೂ ಇವೆ. ವಿಷಯಾನುಕ್ರಮದಲ್ಲಿ ಜೋಡಿಸುವ ಸಂಪಾದಕನೊಬ್ಬ ‘ಯುದ್ಧವಿರೋಧಿ ಲೇಖನಗಳು’ ಎಂದು ಒಂದು ಸಂಪುಟ ಮಾಡಿ, ‘ರಂಗಭೂಮಿ’ ಎಂದು ಮತ್ತೊಂದು ಮಾಡಿದರೆ ಎರಡೂ ಬಡವಾಗುತ್ತವೆ. ಜೀವಂತ ಮಾತು ಹೇಗಿರುತ್ತದೆಂಬುದನ್ನು ನೆಸ್ಟ್ರಾಯ್‌ನಿಂದ ಕಲಿತವನಿಗೆ ಮಾತ್ರ ಯುದ್ಧಕಾಲದ ಸತ್ತ ಮಾತು ಅಷ್ಟು ಸ್ಪಷ್ಟವಾಗಿ ಕೇಳಿಸಲು ಸಾಧ್ಯ.

ವರ್ಜೀನಿಯಾ ವುಲ್ಫ್‌ಳ ‘ತ್ರೀ ಗಿನೀಸ್’ ಈ ವಾದವನ್ನು ಇನ್ನೂ ಮುಂದಕ್ಕೊಯ್ಯುತ್ತದೆ. ೧೯೩೮ರಲ್ಲಿ ಪ್ರಕಟವಾದ ಈ ಕೃತಿ ಯುದ್ಧವನ್ನು ತಡೆಯುವುದು ಹೇಗೆಂಬ ಪ್ರಶ್ನೆಗೆ ಕೊಟ್ಟ ಉತ್ತರ. ಅದಕ್ಕಾಗಿ ವುಲ್ಫ್ ೧೯೩೦ರ ದಶಕದಲ್ಲಿ ಪತ್ರಿಕಾ ತುಣುಕುಗಳನ್ನು ಅಂಟಿಸಿದ ಮೂರು ಪುಸ್ತಕಗಳನ್ನು ಸಿದ್ಧಪಡಿಸಿಕೊಂಡಿದ್ದಳು. ಅವು ಇಂದು ಸಸೆಕ್ಸ್ ವಿಶ್ವವಿದ್ಯಾಲಯದ ವಶದಲ್ಲಿರುವ ಆಕೆಯ ಕಾಗದಪತ್ರಗಳೊಂದಿಗೆ ಇವೆ. ಹೆಣ್ಣುಮಕ್ಕಳ ಶಿಕ್ಷಣ, ಉದ್ಯೋಗ, ಚರ್ಚಿನ ನಿಲುವು, ಗಂಡಸರ ಅಧಿಕಾರದ ಉಡುಪು, ಸ್ಪೇನಿನ ಯುದ್ಧ ಎಲ್ಲವೂ ಅಲ್ಲಿ ಬೆರೆತಿವೆ. ಕೃತಿಯ ಮೊದಲ ಮುದ್ರಣದಲ್ಲಿದ್ದ ಐದು ಛಾಯಾಚಿತ್ರಗಳಲ್ಲಿ ರಣರಂಗದ ಒಂದು ದೃಶ್ಯವೂ ಇಲ್ಲ. ಅಲ್ಲಿರುವವರು ಪದಕ ತೊಟ್ಟ ಸೇನಾಧಿಕಾರಿ, ಕಹಳೆಯವರು, ವಿಶ್ವವಿದ್ಯಾಲಯದ ಮೆರವಣಿಗೆ, ನ್ಯಾಯಾಧೀಶ, ಧರ್ಮಗುರು. ನಿಲುವಂಗಿಗೂ ಯುದ್ಧಕ್ಕೂ ಸಂಬಂಧವಿದೆಯೆಂಬ ಒಳನೋಟ ವಿಷಯವಾರು ವಿಂಗಡಿಸಿದ ಗ್ರಂಥಾಲಯದಲ್ಲಿ ಹುಟ್ಟಲಾರದು. ಅದು ಒಂದೇ ಪುಟದಲ್ಲಿ ಎರಡನ್ನೂ ಅಂಟಿಸಿಕೊಂಡವಳಿಗೆ ಹೊಳೆಯಿತು. ಖಾಸಗಿ ಸಂಗ್ರಹದ ಅಸ್ತವ್ಯಸ್ತತೆ ಎಂದು ಯಾವುದನ್ನು ಕರೆಯಲಾಗುತ್ತದೆಯೋ ಅದು ಹಲವು ಸಲ ಒಂದು ಚಿಂತನೆಯ ಕರಡು.

೩

ಖಾಸಗಿ ಸಂಗ್ರಹದ ಪರವಾಗಿ ಇಷ್ಟು ಹೇಳಿದ ಮೇಲೆ ಅದರ ಮಿತಿಗಳನ್ನು ಮುಚ್ಚಿಡುವುದು ಸರಿಯಲ್ಲ. ಮೊದಲನೆಯ ಆಕ್ಷೇಪ ಆಯ್ಕೆಯ ಪಕ್ಷಪಾತಕ್ಕೆ ಸಂಬಂಧಿಸಿದ್ದು. ಸಂಗ್ರಾಹಕ ತನಗೆ ಒಪ್ಪುವುದನ್ನು ಇಟ್ಟುಕೊಳ್ಳುತ್ತಾನೆ, ಒಪ್ಪದುದನ್ನು ಬಿಡುತ್ತಾನೆ ಎಂಬುದು ನಿಜ. ಆದರೆ ಸಾಂಸ್ಥಿಕ ಆಯ್ಕೆಯೂ ಪಕ್ಷಪಾತದಿಂದ ಮುಕ್ತವಲ್ಲ. ಮಾರ್ಕ್ ಟ್ವೈನ್ ೧೯೦೫ರಲ್ಲಿ ರಚಿಸಿದ ‘ಯುದ್ಧ ಪ್ರಾರ್ಥನೆ’ ಎಂಬ ಕಿರುಬರಹವನ್ನು ಪತ್ರಿಕೆ ತಿರಸ್ಕರಿಸಿತು. ಅದು ಪೂರ್ಣವಾಗಿ ಪುಸ್ತಕವೊಂದರಲ್ಲಿ ಸೇರಿದ್ದು ಲೇಖಕ ಸತ್ತು ಹದಿಮೂರು ವರ್ಷಗಳಾದ ಬಳಿಕ, ೧೯೨೩ರಲ್ಲಿ. ಫಿಲಿಪೀನ್ಸ್ ಯುದ್ಧವನ್ನು ವಿರೋಧಿಸಿ ಆತ ಬರೆದ ಬರಹಗಳನ್ನು ಜಿಮ್ ಜ್ವಿಕ್ ಒಂದೆಡೆ ಸಂಪಾದಿಸಿದ್ದು ೧೯೯೨ರಲ್ಲಿ. ಅಷ್ಟರವರೆಗೆ ಪಠ್ಯಪುಸ್ತಕಗಳು ಪರಿಚಯಿಸುತ್ತ ಬಂದದ್ದು ಹೆಚ್ಚಾಗಿ ನಗೆಬರಹಗಾರನಾದ ಟ್ವೈನ್‌ನನ್ನು. ಹಾಗೆಯೇ ೧೯೩೬ರ ಆಕ್ಸ್‌ಫರ್ಡ್ ಆಧುನಿಕ ಕಾವ್ಯಸಂಕಲನವನ್ನು ಸಂಪಾದಿಸಿದ ಯೇಟ್ಸ್, ನಿಷ್ಕ್ರಿಯ ಸಂಕಟವು ಕಾವ್ಯಕ್ಕೆ ತಕ್ಕ ವಸ್ತುವಲ್ಲವೆಂಬ ಕಾರಣ ಕೊಟ್ಟು ವಿಲ್‌ಫ್ರೆಡ್ ಓವೆನ್‌ನನ್ನು ಹೊರಗಿಟ್ಟನು. ಸಂಕಲನಕಾರನ ಪಕ್ಷಪಾತಕ್ಕೆ ಮೀಮಾಂಸೆಯ ಹೆಸರು ದೊರೆಯುತ್ತದೆ, ಹವ್ಯಾಸಿಯ ಪಕ್ಷಪಾತ ಪಕ್ಷಪಾತವಾಗಿಯೇ ಉಳಿಯುತ್ತದೆ. ವ್ಯತ್ಯಾಸವಿರುವುದು ಇಷ್ಟರಲ್ಲಿಯೇ.

ಎರಡನೆಯ ಆಕ್ಷೇಪ ಪಠ್ಯದ ವಿಶ್ವಾಸಾರ್ಹತೆಯನ್ನು ಕುರಿತದ್ದು. ಇದು ಹೆಚ್ಚು ಗಂಭೀರವಾದುದು. ಓವೆನ್ ೧೯೧೮ರ ನವೆಂಬರ್ ೪ರಂದು, ಕದನವಿರಾಮಕ್ಕೆ ಒಂದು ವಾರ ಮೊದಲು, ಮಡಿದನು. ಬದುಕಿದ್ದಾಗ ಪ್ರಕಟವಾಗಿದ್ದ ಆತನ ಕವಿತೆಗಳು ಬೆರಳೆಣಿಕೆಯಷ್ಟು. ಹಸ್ತಪ್ರತಿಗಳು ಮನೆಯವರ ಮತ್ತು ಗೆಳೆಯರ ಕೈಯಲ್ಲಿ ಉಳಿದುದರಿಂದಲೇ ೧೯೨೦ರಲ್ಲಿ ಸಸೂನ್ ಹೆಸರಿನಲ್ಲಿ, ೧೯೩೧ರಲ್ಲಿ ಬ್ಲಂಡೆನ್ ಸಂಪಾದಕತ್ವದಲ್ಲಿ, ೧೯೬೩ರಲ್ಲಿ ಡೇ ಲೂಯಿಸ್ ಸಂಪಾದಕತ್ವದಲ್ಲಿ, ೧೯೮೩ರಲ್ಲಿ ಸ್ಟಾಲ್‌ವರ್ದಿಯ ಶಾಸ್ತ್ರೀಯ ಪರಿಷ್ಕರಣದಲ್ಲಿ ಆತನ ಕಾವ್ಯ ಹಂತಹಂತವಾಗಿ ಬೆಳಕಿಗೆ ಬಂದಿತು. ಮನೆಯೇ ಪತ್ರಾಗಾರವಾಗಿರದಿದ್ದರೆ ಇಂದಿನ ಓವೆನ್ ಇಲ್ಲ. ಆದರೆ ಅದೇ ಮನೆಯಲ್ಲಿ ತಮ್ಮ ಹೆರಾಲ್ಡ್ ಓವೆನ್ ಅಣ್ಣನ ಪತ್ರಗಳ ಕೆಲವು ಭಾಗಗಳ ಮೇಲೆ ಶಾಯಿ ಬಳಿದು ಓದಲಾಗದಂತೆ ಮಾಡಿದನು. ಉಳಿಸಿದ ಕೈಯೇ ಅಳಿಸಿತು. ಪ್ರೀತಿಯಿಂದ ಕಾಯುವವನಿಗೆ ಪಠ್ಯದ ಮೇಲೆ ಒಡೆತನದ ಭಾವ ಬರುತ್ತದೆ. ಒಡೆತನ ಬಂದಲ್ಲಿ ಕತ್ತರಿಯೂ ಬರುತ್ತದೆ. ಸಂಸ್ಥೆ ಬೇಕಾಗುವುದು ಈ ಘಟ್ಟದಲ್ಲಿ. ಕಾಯುವ ಕೆಲಸ ವ್ಯಕ್ತಿಯದು, ಪರಿಷ್ಕರಿಸಿ ಸಾಕ್ಷ್ಯ ಒದಗಿಸುವ ಕೆಲಸ ವಿದ್ವತ್ತಿನದು. ಒಂದಿಲ್ಲದೆ ಇನ್ನೊಂದಿಲ್ಲ.

ಮೂರನೆಯದು ಆಯುಷ್ಯದ ಪ್ರಶ್ನೆ. ಖಾಸಗಿ ಸಂಗ್ರಹ ಸಾಮಾನ್ಯವಾಗಿ ಸಂಗ್ರಾಹಕನೊಂದಿಗೆ ಮುಗಿಯುತ್ತದೆ. ಇದಕ್ಕೆ ಉತ್ತರವಾಗಿ ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜಿನ ಶಾಂತಿ ಸಂಗ್ರಹವನ್ನು ನೋಡಬಹುದು. ೧೯೩೦ರಲ್ಲಿ ಜೇನ್ ಆಡಮ್ಸ್ ತನ್ನ ಪುಸ್ತಕಗಳನ್ನೂ ಕಾಗದಪತ್ರಗಳನ್ನೂ ಆ ಕಾಲೇಜಿಗೆ ಕೊಟ್ಟದ್ದರಿಂದ ಅದು ಆರಂಭವಾಯಿತು. ಇಂದು ಅಲ್ಲಿ ಶಾಂತಿ ಚಳವಳಿಗಳ ದಾಖಲೆಗಳ ಜತೆಗೆ ಭಿತ್ತಿಪತ್ರಗಳೂ ಎದೆಗೆ ಚುಚ್ಚಿಕೊಳ್ಳುವ ಬಿಲ್ಲೆಗಳೂ ಸಂರಕ್ಷಿತವಾಗಿವೆ. ಒಬ್ಬ ಹೆಣ್ಣುಮಗಳ ಕಾಗದಪತ್ರಗಳು ಒಂದು ಸಂಶೋಧನ ಕೇಂದ್ರವಾಗಲು ಬೇಕಾದದ್ದು ಭವ್ಯ ಕಟ್ಟಡವಲ್ಲ. ಕೊಟ್ಟದ್ದನ್ನು ಚೆದುರಿಸದೆ ಇಟ್ಟುಕೊಳ್ಳುವ ವಿವೇಕ. ಆಸ್ಟ್ರಿಯಾದ ವಿಜ್ಞಾನ ಅಕಾಡೆಮಿ ೨೦೦೭ರಲ್ಲಿ ‘ಡೀ ಫಾಕೆಲ್’ನ ಎಲ್ಲ ಸಂಚಿಕೆಗಳನ್ನೂ ಹುಡುಕಬಲ್ಲ ಗಣಕರೂಪದಲ್ಲಿ ಒದಗಿಸಿದಾಗಲೂ ಲೇಖನಗಳನ್ನು ಬಿಡಿಸಿ ಜೋಡಿಸಲಿಲ್ಲ, ಪುಟದ ಮೂಲ ವಿನ್ಯಾಸವನ್ನು ಪಠ್ಯದ ಜತೆಗೇ ತೋರಿಸಿತು.

೪

ಈ ಹಿನ್ನೆಲೆಯಲ್ಲಿ ಕನ್ನಡದ ಸ್ಥಿತಿಯನ್ನು ಪರಿಶೀಲಿಸಬೇಕಾಗಿದೆ. ಕನ್ನಡ ಸಂಶೋಧನೆಗೆ ಖಾಸಗಿ ಸಂಗ್ರಹದ ಮಹತ್ವವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ವಿಜಾಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ವಚನಗಳ ಓಲೆಪ್ರತಿಗಳನ್ನು ಹುಡುಕಿ ಕೂಡಿಸಿದ್ದು ಯಾವ ವಿಶ್ವವಿದ್ಯಾಲಯದ ಯೋಜನೆಯಡಿಯಲ್ಲಿಯೂ ಅಲ್ಲ. ೧೯೨೩ರ ‘ವಚನಶಾಸ್ತ್ರ ಸಾರ’, ೧೯೨೬ರಿಂದ ಬಂದ ‘ಶಿವಾನುಭವ’ ಪತ್ರಿಕೆ, ಸ್ವಂತ ಮುದ್ರಣಾಲಯ ಇವೆಲ್ಲ ಒಬ್ಬರ ಆಸ್ಥೆಯ ಫಲ. ಅದೇ ಹಳಕಟ್ಟಿಯವರು ಸಹಕಾರಿ ಬ್ಯಾಂಕು, ಶಿಕ್ಷಣ ಸಂಸ್ಥೆಗಳ ಕೆಲಸದಲ್ಲಿಯೂ ಅಷ್ಟೇ ತೊಡಗಿದ್ದರು. ಇಂದು ವಚನ ಸಾಹಿತ್ಯ ಎಲ್ಲ ಕನ್ನಡ ವಿಭಾಗಗಳ ಪಠ್ಯಕ್ರಮದ ಕೇಂದ್ರದಲ್ಲಿದೆ. ಹವ್ಯಾಸಿಯ ಕಪಾಟಿನಿಂದ ಪಠ್ಯಕ್ರಮದ ಕೇಂದ್ರಕ್ಕೆ ಒಂದು ಸಾಹಿತ್ಯ ಸಾಗಿಬಂದ ದಾರಿ ಕನ್ನಡದ ಕಣ್ಣಮುಂದೆಯೇ ಇದೆ.

ಯುದ್ಧವಿರೋಧಿ ಬರಹದ ವಿಷಯದಲ್ಲಿ ಅಂಥ ದಾರಿ ಇನ್ನೂ ತೆರೆದಿಲ್ಲ. ರನ್ನನ ಗದಾಯುದ್ಧದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನನನ್ನು ರಸದ ದೃಷ್ಟಿಯಿಂದ ಧಾರಾಳವಾಗಿ ಚರ್ಚಿಸಲಾಗಿದೆ. ಕುವೆಂಪು ೧೯೩೧ರಲ್ಲಿ ಪ್ರಕಟಿಸಿದ ‘ಸ್ಮಶಾನ ಕುರುಕ್ಷೇತ್ರಂ’ ನಾಟಕ ಭಾರತದ ಕಥೆಯನ್ನು ಗೆದ್ದವರ ಕಡೆಯಿಂದಲ್ಲದೆ ಸ್ಮಶಾನದ ಕಡೆಯಿಂದ ನೋಡಿತು; ಮೊದಲನೆಯ ಮಹಾಯುದ್ಧವನ್ನು ಕಂಡ ಪೀಳಿಗೆಯ ಕೃತಿಯೆಂದು ಅದನ್ನು ಓದಲು ಅವಕಾಶವಿದೆ. ಇವು ಗ್ರಂಥರೂಪದಲ್ಲಿ ಉಳಿದವು. ಗ್ರಂಥರೂಪಕ್ಕೆ ಬಾರದ ಪತ್ರಿಕಾ ಲೇಖನ, ಕರಪತ್ರ, ಬೀದಿನಾಟಕದ ಹಸ್ತಪ್ರತಿ, ಸೈನಿಕರು ಮನೆಗೆ ಬರೆದ ಕಾಗದ, ಅಣ್ವಸ್ತ್ರವನ್ನು ವಿರೋಧಿಸಿ ಸಣ್ಣ ಪತ್ರಿಕೆಗಳಲ್ಲಿ ಬಂದ ಕವಿತೆ ಇವು ಯಾರ ಹೊಣೆ? ೧೯೭೪ ಮತ್ತು ೧೯೯೮ರ ಪೋಖರಣ್ ಪರೀಕ್ಷೆಗಳ ಕಾಲದ, ೧೯೯೯ರ ಕಾರ್ಗಿಲ್ ಯುದ್ಧದ ಕಾಲದ ಕನ್ನಡ ಪ್ರತಿಕ್ರಿಯೆಯನ್ನು ಅಧ್ಯಯನ ಮಾಡಹೊರಟ ಸಂಶೋಧಕ ದಿನಪತ್ರಿಕೆಗಳ ಕಡತಗಳಲ್ಲಿ ಬಹುಮತದ ಧ್ವನಿಯನ್ನು ಸುಲಭವಾಗಿ ಪಡೆಯಬಲ್ಲ. ಒಪ್ಪದವರ ಧ್ವನಿಗಾಗಿ ಅವನು ಯಾರದೋ ಅಟ್ಟವನ್ನು ಹತ್ತಬೇಕಾಗುತ್ತದೆ. ಆ ಅಟ್ಟದಲ್ಲಿ ಯುದ್ಧವಿರೋಧಿ ಕರಪತ್ರದ ಜತೆಗೆ ಯಕ್ಷಗಾನದ ಪ್ರಸಂಗಪಟ್ಟಿಯೂ, ಹಕ್ಕಿಗಳನ್ನು ಕುರಿತ ಟಿಪ್ಪಣಿಯೂ, ಹಳೆಯ ಚಲನಚಿತ್ರಗೀತೆಗಳ ಪುಸ್ತಿಕೆಯೂ ಇದ್ದರೆ ಅವನು ಗೊಂದಲಪಡಬಾರದು. ಒಂದು ಕಾಲದಲ್ಲಿ ಯುದ್ಧ ಬೇಡವೆಂದ ಮನಸ್ಸು ಬದುಕಿನಲ್ಲಿ ಇನ್ನೇನನ್ನು ಬೇಕೆಂದಿತು ಎಂಬುದಕ್ಕೆ ಅದೇ ಸಾಕ್ಷಿ.

ಇಂಥ ಸಂಗ್ರಹ ವಿಶ್ವವಿದ್ಯಾಲಯಕ್ಕೆ ಬಂದಾಗ ಆಗುವುದು ಸಾಮಾನ್ಯವಾಗಿ ಎರಡು. ಮುದ್ರಿತ ಪುಸ್ತಕಗಳು ವರ್ಗಸಂಖ್ಯೆ ಪಡೆದು ಬೇರೆ ಬೇರೆ ಕಪಾಟುಗಳಿಗೆ ಹಂಚಿಹೋಗುತ್ತವೆ. ಕಾಗದ, ತುಣುಕು, ಕರಪತ್ರಗಳು ವರ್ಗಕ್ಕೆ ಸೇರದ ಕಾರಣ ಮೂಲೆ ಸೇರುತ್ತವೆ. ದಾನಿಯ ಹೆಸರು ಮುದ್ರೆಯಾಗಿ ಉಳಿದರೂ ದಾನಿಯ ಮನಸ್ಸು ಉಳಿಯುವುದಿಲ್ಲ. ಪತ್ರಾಗಾರ ಶಾಸ್ತ್ರದಲ್ಲಿ ಬಹುಕಾಲದಿಂದ ಒಪ್ಪಿತವಾಗಿರುವ ತತ್ತ್ವವೆಂದರೆ, ಒಬ್ಬರಿಂದ ಬಂದುದನ್ನು ಇನ್ನೊಬ್ಬರದರೊಂದಿಗೆ ಬೆರೆಸಬಾರದು, ಬಂದ ಕ್ರಮವನ್ನು ಕಾರಣವಿಲ್ಲದೆ ಕೆಡಿಸಬಾರದು. ಹಸ್ತಪ್ರತಿಗಳ ವಿಷಯದಲ್ಲಿ ಮಠ, ಮನೆತನ, ಲಿಪಿಕಾರರ ಹೆಸರುಗಳನ್ನು ಎಚ್ಚರದಿಂದ ದಾಖಲಿಸುವ ಕನ್ನಡ ವಿದ್ವತ್ತು ಇಪ್ಪತ್ತನೆಯ ಶತಮಾನದ ಕಾಗದಗಳಿಗೆ ಆ ಎಚ್ಚರವನ್ನು ಯಾಕೆ ವಿಸ್ತರಿಸಬಾರದು?

ಗಣಕಯುಗ ಈ ಸಮಸ್ಯೆಯನ್ನು ಪರಿಹರಿಸಿತೆಂದು ತಿಳಿಯುವುದೂ ಅವಸರದ ತೀರ್ಮಾನ. ಯೂನಿಕೋಡ್ ಬಳಕೆ ವ್ಯಾಪಕವಾಗುವ ಮುನ್ನ ಕನ್ನಡದಲ್ಲಿ ಬೆರಳಚ್ಚಾದ ಅಪಾರ ಬರಹ ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಅಕ್ಷರಶೈಲಿಗಳಲ್ಲಿದೆ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳು. ಓಲೆಗರಿಗೆ ಗೆದ್ದಲು ಹತ್ತಿದರೆ ಕಣ್ಣಿಗೆ ಕಾಣುತ್ತದೆ. ಈ ಗೆದ್ದಲು ಕಾಣುವುದಿಲ್ಲ. ಒಬ್ಬ ಹವ್ಯಾಸಿ ಹತ್ತು ವರ್ಷ ಕುಳಿತು ಟೈಪು ಮಾಡಿದ ಲೇಖನಗಳು ಅವನ ಯಂತ್ರ ಕೆಟ್ಟ ದಿನವೇ ಇಲ್ಲವಾಗಬಲ್ಲವು. ಪರಿವರ್ತನೆಯ ಸಾಧನಗಳು ದೊರೆಯುತ್ತಿರುವ ಈ ಹೊತ್ತಿನಲ್ಲಿಯೇ ಅಂಥ ಕಡತಗಳನ್ನು ಪಡೆದು, ಮೂಲಪ್ರತಿಯೊಂದಿಗೆ ಹೋಲಿಸಿ, ಯೂನಿಕೋಡಿಗೆ ತಂದು, ಮೂಲ ಕಡತವನ್ನೂ ಜತೆಗಿಡುವುದು ವಿಭಾಗಗಳ ಸಾಧ್ಯತೆಯೊಳಗಿನ ಕೆಲಸ.

ಇದಕ್ಕೆ ದೊಡ್ಡ ಯೋಜನೆಗಳಿಗಾಗಿ ಕಾಯಬೇಕಾಗಿಲ್ಲ. ಎಂ.ಫಿಲ್. ಮತ್ತು ಪಿಎಚ್.ಡಿ. ಹೆಸರಿನಲ್ಲಿ ಒಬ್ಬೊಬ್ಬ ಲೇಖಕನ ‘ಬದುಕು–ಬರಹ’ ಕುರಿತ ಮಹಾಪ್ರಬಂಧಗಳು ವರ್ಷವರ್ಷವೂ ಸಿದ್ಧವಾಗಿವೆ. ಒಂದು ಖಾಸಗಿ ಸಂಗ್ರಹವನ್ನು ಇದ್ದ ಕ್ರಮದಲ್ಲಿಯೇ ಪಟ್ಟಿಮಾಡಿ, ಪ್ರತಿ ಕಾಗದದ ಕಾಲ ಹಾಗೂ ಮೂಲವನ್ನು ಗುರುತಿಸಿ, ಸಂಗ್ರಾಹಕರಿದ್ದರೆ ಅವರ ಮಾತನ್ನು ದಾಖಲಿಸಿ ಸಿದ್ಧಪಡಿಸುವ ವಿವರಣಾತ್ಮಕ ಸೂಚಿಯನ್ನು ಪದವಿಗೆ ಅರ್ಹವಾದ ಸಂಶೋಧನೆಯೆಂದು ಒಪ್ಪುವ ನಿರ್ಧಾರವನ್ನು ಅಧ್ಯಯನ ಮಂಡಳಿಗಳು ಮಾಡಬಲ್ಲವು. ವಾಗ್ವಾದಕ್ಕಿಂತ ಸೂಚಿ ಕಡಮೆಯದೆಂಬ ಭಾವನೆ ಇರುವವರೆಗೆ ವಾಗ್ವಾದಕ್ಕೆ ಬೇಕಾದ ಆಕರಗಳು ರದ್ದಿಯಂಗಡಿಯ ತಕ್ಕಡಿಗೆ ಹೋಗುತ್ತಲೇ ಇರುತ್ತವೆ.

ಯುದ್ಧ ನಡೆಯುವಾಗ ಅದನ್ನು ವಿರೋಧಿಸಿದವನ ಮಾತು ದೇಶದ್ರೋಹವೆನಿಸುತ್ತದೆ, ಯುದ್ಧ ಮುಗಿದ ಮೇಲೆ ಅಪ್ರಸ್ತುತವೆನಿಸುತ್ತದೆ. ಈ ಎರಡು ತೀರ್ಪುಗಳ ನಡುವೆ ಅದಕ್ಕೆ ಇರಲು ಜಾಗ ಕೊಟ್ಟವರು, ಅದು ನಿಜವಿರಬಹುದೆಂಬ ಒಂದೇ ಕಾರಣಕ್ಕೆ ಕತ್ತರಿಸಿ ಇಟ್ಟುಕೊಂಡವರು. ಅವರ ಆಯ್ಕೆಯನ್ನು ಪ್ರಶ್ನಿಸುವ ಹಕ್ಕು ಸಂಶೋಧನೆಗೆ ಇದೆ. ಆ ಹಕ್ಕನ್ನು ಚಲಾಯಿಸಲು ಅವರ ಕಾಗದಗಳು ಮೊದಲು ಉಳಿದಿರಬೇಕು.